ಹಳೆಯ ವಾಲ್ವ್ ಗಿಟಾರ್ ಆಂಪ್ ರಿಪೇರಿ: ಅಟ್ಟದಿಂದ ಇಳಿಸಿದ ದಿನದಿಂದ ಮೊದಲ ಸ್ವರದವರೆಗೆ

ಮಂಡ್ಯದ ಸೋದರಮಾವನ ಮನೆಯ ಅಟ್ಟದಲ್ಲಿ ಒಂದು ಮರದ ಪೆಟ್ಟಿಗೆ ಇತ್ತು, ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಆಂಪ್. ಮುಂದೆ ಹರಿದ ಬಟ್ಟೆ, ಮೇಲೆ ಎರಡು ತಿರುಗುವ ಗುಂಡಿ, ಹಿಂದೆ ಎರಡು ಪಿನ್ನಿನ ವೈರು. 70ರ ದಶಕದಲ್ಲಿ ಮಾವ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರು. ಗಣೇಶನ ಪೆಂಡಾಲು, ಊರಹಬ್ಬ, ಮದುವೆ ರಿಸೆಪ್ಶನ್ನು ಎಲ್ಲಕ್ಕೂ ಈ ಪೆಟ್ಟಿಗೆಯೇ ಅವರ ಜೊತೆ ಹೋಗುತ್ತಿತ್ತು. ಕಂಪನಿಯ ಹೆಸರಿಲ್ಲ. ಯಾರೋ ಕೈಯಾರೆ ಕಟ್ಟಿದ್ದು. ಒಳಗೆ ಮೂರು ವಾಲ್ವ್, ಅಂದರೆ ಟ್ರಾನ್ಸಿಸ್ಟರ್ ಬರುವ ಮೊದಲಿನ ಗಾಜಿನ ಕೊಳವೆಗಳು: ಗಿಟಾರಿನ ಸಣ್ಣ ಸಿಗ್ನಲನ್ನು ಹಿಗ್ಗಿಸುವ ಒಂದು ಇಸಿಸಿ83, ಸ್ಪೀಕರ್ ನುಡಿಸುವ ಒಂದು ಇಎಲ್84, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಒಂದು ಇಝಡ್80.

ಅದನ್ನು ಮೈಸೂರಿಗೆ ತಂದು, ಸರಸ್ವತಿಪುರಂನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡು, ಎರಡು ತಿಂಗಳ ಭಾನುವಾರಗಳಲ್ಲಿ ಸರಿ ಮಾಡಿದೆ. ನಾನು ಎಲೆಕ್ಟ್ರಾನಿಕ್ಸ್ ಓದಿದವನಲ್ಲ. ಸೋಲ್ಡರ್ ಮಾಡಲು ಬರುತ್ತದೆ, ಮಲ್ಟಿಮೀಟರ್ ಓದಲು ಬರುತ್ತದೆ, ಅಷ್ಟೇ. ಆ ಎರಡು ಬಂದರೆ ನಿಮಗೂ ಇದು ಸಾಧ್ಯ. ಆದರೆ ಕೆಲಸದ ಕ್ರಮ ತಪ್ಪಬಾರದು. ಮೊದಲು ನೋಡಬೇಕು, ಆಮೇಲೆ ಅಳೆಯಬೇಕು, ಬದಲಿಸುವುದು ಕೊನೆಗೆ. ಆಂಪ್ ಕೆಟ್ಟಿದೆ ಅಂದ ಕೂಡಲೇ ಎಲ್ಲರೂ ವಾಲ್ವ್ ಹುಡುಕಲು ಹೊರಡುತ್ತಾರೆ. ನನ್ನ ಆಂಪ್‌ನಲ್ಲಿ ಮೂರು ವಾಲ್ವೂ ಚೆನ್ನಾಗಿದ್ದವು. ಕೆಟ್ಟಿದ್ದೆಲ್ಲ ಕೆಳಗೆ, ಹತ್ತಿಪ್ಪತ್ತು ರೂಪಾಯಿಯ ಸಾಮಾನುಗಳು.

ಒಂದು ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ತಂದ ದಿನವೇ ಆತುರಪಟ್ಟು ನೇರವಾಗಿ ಪ್ಲಗ್‌ಗೆ ಹಾಕಿದೆ. ಅರ್ಧ ನಿಮಿಷ ಸುಮ್ಮನಿತ್ತು. ಆಮೇಲೆ ಗುಂಯ್ ಅಂತ ಜೋರಾಗಿ ಸದ್ದು ಬಂತು. ಢಬ್ ಅಂತ ಕಂಡೆನ್ಸರ್ (ವಿದ್ಯುತ್ ಕೂಡಿಡುವ ಬಿಡಿಭಾಗ) ಒಡೆದು ಕೋಣೆ ತುಂಬ ಹೊಗೆ. ತೆಗೆದು ನೋಡಿದರೆ ಫ್ಯೂಸ್ ಜಾಗದಲ್ಲಿ ಯಾವುದೋ ಕಾಲದಲ್ಲಿ ಯಾರೋ ದಪ್ಪ ತಾಮ್ರದ ತಂತಿ ಸುತ್ತಿದ್ದರು. ಟ್ರಾನ್ಸ್‌ಫಾರ್ಮರ್ ಸುಡದೆ ಉಳಿದದ್ದು ಅದೃಷ್ಟ. ಐವತ್ತು ವರ್ಷ ಅಟ್ಟದಲ್ಲಿದ್ದ ಆಂಪನ್ನು ನೇರವಾಗಿ ಕರೆಂಟಿಗೆ ಹಾಕಲೇಬೇಡಿ.

ಮೊದಲು ಜೀವ, ಆಮೇಲೆ ಆಂಪ್

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ವಾಲ್ವ್ ಆಂಪ್ ಒಳಗೆ 250ರಿಂದ 350 ವೋಲ್ಟ್ ಡಿಸಿ ಇರುತ್ತದೆ. ದೊಡ್ಡ ಆಂಪ್‌ಗಳಲ್ಲಿ 450 ದಾಟುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಡಿಸಿಯ ಏರಿಳಿತ ಸಮ ಮಾಡುವ ಫಿಲ್ಟರ್ ಕಂಡೆನ್ಸರ್‌ಗಳಲ್ಲಿ ಉಳಿದಿರುತ್ತದೆ. ಕೆಲವೊಮ್ಮೆ ಗಂಟೆಗಟ್ಟಲೆ ಉಳಿಯುತ್ತದೆ.

ಮನೆಯಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇದೆ, ಟ್ರಿಪ್ ಆಗುತ್ತೆ ಬಿಡಿ ಅನ್ನುವವರಿದ್ದಾರೆ. ಅದು ತಪ್ಪು ಧೈರ್ಯ. ಆರ್‌ಸಿಸಿಬಿ ನೋಡುವುದು ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸ್ ಬಂತೇ ಎಂದು. ಆಂಪ್ ಒಳಗಿನ 300 ವೋಲ್ಟ್ ಬರುವುದು ಟ್ರಾನ್ಸ್‌ಫಾರ್ಮರ್‌ನ ಇನ್ನೊಂದು ಸುತ್ತಿನಿಂದ. ಅದು ನಿಮ್ಮ ಎದೆಯ ಮೂಲಕ ಹರಿದರೂ ಗೋಡೆಯ ಮೇಲಿನ ಪೆಟ್ಟಿಗೆಗೆ ಗೊತ್ತೇ ಆಗುವುದಿಲ್ಲ.

ಹಾಗಾಗಿ ನಾನು ಪಾಲಿಸುವ ನಿಯಮಗಳು ಇವು. ಒಬ್ಬನೇ ಇದ್ದಾಗ ಕರೆಂಟ್ ಇರುವ ಆಂಪ್ ಮುಟ್ಟುವುದಿಲ್ಲ. ಕಾಲಿಗೆ ರಬ್ಬರ್ ಚಪ್ಪಲಿ ಇರುತ್ತದೆ, ಕೈಯಲ್ಲಿ ಉಂಗುರ, ವಾಚು ಇರುವುದಿಲ್ಲ. ಅಳೆಯುವಾಗ ಮೀಟರ್‌ನ ಕಪ್ಪು ವೈರನ್ನು ಕ್ಲಿಪ್ ಹಾಕಿ ಚಾಸಿಗೆ (ಆಂಪಿನ ಲೋಹದ ತಳಕಟ್ಟಿಗೆ) ಕಚ್ಚಿಸಿ, ಬಲಗೈಯಲ್ಲಿ ಕೆಂಪು ವೈರು ಮಾತ್ರ ಹಿಡಿಯುತ್ತೇನೆ. ಎಡಗೈ ಬೆನ್ನ ಹಿಂದೆ. ಒಂದು ಕೈಯಿಂದ ಇನ್ನೊಂದು ಕೈಗೆ ಕರೆಂಟು ಹರಿದರೆ ಮಧ್ಯೆ ಸಿಗುವುದು ಹೃದಯ, ಅಲ್ವಾ?

ಮೀಟರ್ 600 ವೋಲ್ಟ್ ಡಿಸಿ ತಡೆಯುವಂಥದ್ದಾಗಿರಲಿ. ಬಿರುಕು ಬಿಟ್ಟ ವೈರಿನ ಅಗ್ಗದ ಮೀಟರ್ ಬೇಡ.

ಕಂಡೆನ್ಸರ್ ಖಾಲಿ ಮಾಡಲು 10 ಕಿಲೋಓಮ್, 5 ವ್ಯಾಟ್‌ನ ಒಂದು ರೆಸಿಸ್ಟರ್ ತೆಗೆದುಕೊಳ್ಳಿ. ಎರಡೂ ತುದಿಗೆ ಇನ್ಸುಲೇಟೆಡ್ ವೈರು, ಮೊಸಳೆ ಕ್ಲಿಪ್ ಬೆಸೆಯಿರಿ. ಬೆಸೆದ ಜಾಗಕ್ಕೆ ಸ್ಲೀವ್ ಹಾಕಿ. ಪ್ಲಗ್ ಕಿತ್ತ ಮೇಲೆ ಒಂದು ಕ್ಲಿಪ್ ಚಾಸಿಗೆ, ಇನ್ನೊಂದು ಕಂಡೆನ್ಸರ್‌ನ ಪ್ಲಸ್‌ಗೆ. ಹತ್ತು ಸೆಕೆಂಡ್ ಹಿಡಿಯಿರಿ. ಆಮೇಲೆ ಮೀಟರ್‌ನಲ್ಲಿ ನೋಡಿ. 5 ವೋಲ್ಟ್‌ಗಿಂತ ಕಡಿಮೆ ಇದ್ದರೆ ಮಾತ್ರ ಕೈ ಹಾಕಿ. ಕೆಲವು ಮೆಕ್ಯಾನಿಕ್‌ಗಳು ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಅನಿಸುತ್ತಾರೆ. ಅದರಿಂದ ಕಂಡೆನ್ಸರ್ ಹಾಳು, ಕಣ್ಣಿಗೂ ಅಪಾಯ.

ಕೊನೆಯದು ಆಂಪ್‌ನ ಜೀವಕ್ಕೆ: ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ ಆನ್ ಮಾಡಬೇಡಿ. ಲೋಡ್ ಇಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಒಳಗೆ ವೋಲ್ಟೇಜ್ ಏರಿ ಇನ್ಸುಲೇಷನ್ ತೂತಾಗುತ್ತದೆ. ಸ್ಪೀಕರ್ ತೆಗೆದಿದ್ದರೆ 8 ಓಮ್, 10 ವ್ಯಾಟ್ ರೆಸಿಸ್ಟರ್ ಹಾಕಿ.

ಪ್ಲಗ್ ಹಾಕದೆ ಮಾಡುವ ಕೆಲಸ

ಮೊದಲು ಫೋಟೊ. ಎಲ್ಲ ಕೋನದಿಂದ, ಒಳ್ಳೆಯ ಬೆಳಕಿನಲ್ಲಿ. ಒಂದು ವೈರು ಕಿತ್ತ ಮೇಲೆ ಅದು ಎಲ್ಲಿತ್ತು ಅಂತ ನೆನಪಿರುವುದಿಲ್ಲ. ಆಮೇಲೆ ಕಾಗದದ ಮೇಲೆ ಸರ್ಕ್ಯೂಟ್ ಬರೆಯಿರಿ. ಮೂರು ವಾಲ್ವಿನ ಆಂಪ್‌ಗೆ ಒಂದು ಸಂಜೆ ಸಾಕು. ಈ ಬರೆಯುವ ಕೆಲಸದಲ್ಲೇ ಅರ್ಧ ರಿಪೇರಿ ಅರ್ಥವಾಗಿಬಿಡುತ್ತದೆ.

ಪಿನ್ ಎಣಿಸುವುದು ಸಾಕೆಟ್ಟಿನ ಕೆಳಗಿನಿಂದ. ಒಂಬತ್ತು ಪಿನ್ನಿನ ಸಾಕೆಟ್‌ನಲ್ಲಿ ಒಂದು ಕಡೆ ಖಾಲಿ ಜಾಗ ಇರುತ್ತದೆ. ಕೆಳಗಿನಿಂದ ನೋಡುತ್ತಾ ಅಲ್ಲಿಂದ ಗಡಿಯಾರದ ಮುಳ್ಳಿನಂತೆ 1, 2, 3 ಎಂದು ಎಣಿಸಬೇಕು. ವಾಲ್ವಿನೊಳಗೆ ಹೀಟರ್ ಕಾಯಿಸಿದ ಕ್ಯಾಥೋಡ್‌ನಿಂದ ಆನೋಡ್‌ಗೆ ಎಲೆಕ್ಟ್ರಾನ್ ಹರಿಯುತ್ತವೆ, ನಡುವಿನ ಗ್ರಿಡ್ ಆ ಹರಿವನ್ನು ಹಿಡಿತದಲ್ಲಿಡುತ್ತದೆ, ಸ್ಕ್ರೀನ್ ಅದಕ್ಕೆ ನೆರವಾಗುವ ಇನ್ನೊಂದು ಗ್ರಿಡ್. ಇಎಲ್84ರಲ್ಲಿ 2 ಗ್ರಿಡ್, 3 ಕ್ಯಾಥೋಡ್, 4 ಮತ್ತು 5 ಹೀಟರ್, 7 ಆನೋಡ್, 9 ಸ್ಕ್ರೀನ್. ಇಸಿಸಿ83ರಲ್ಲಿ ಎರಡು ವಾಲ್ವ್ ಒಂದೇ ಗಾಜಿನೊಳಗೆ ಇವೆ. 1, 2, 3 ಒಂದರ ಆನೋಡ್, ಗ್ರಿಡ್, ಕ್ಯಾಥೋಡ್. 6, 7, 8 ಇನ್ನೊಂದರದ್ದು. ಹೀಟರ್ 4, 5 ಮತ್ತು ಮಧ್ಯದ ತುದಿ 9. ಅಮೆರಿಕದ ಆಂಪ್‌ಗಳಲ್ಲಿ ಇದೇ ವಾಲ್ವಿಗೆ 12ಎಎಕ್ಸ್7 ಎಂಬ ಹೆಸರು. ಇಎಲ್84ಕ್ಕೆ 6ಬಿಕ್ಯೂ5.

ಇನ್ನು ಕಸ. ನನ್ನ ಆಂಪ್‌ನಲ್ಲಿ ಹಲ್ಲಿ ಮೊಟ್ಟೆಯ ಚಿಪ್ಪು, ಜಿರಳೆಯ ಹಿಕ್ಕೆ, ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು ಇದ್ದವು. ಒಣ ಪೇಂಟ್ ಬ್ರಷ್‌ನಿಂದ ಉದುರಿಸಿ. ನೀರು ತಾಗಿಸಬೇಡಿ. ವಾಲ್ವಿನ ಗಾಜಿನ ಮೇಲಿನ ಅಕ್ಷರವನ್ನು ಉಜ್ಜಬೇಡಿ, ಒಂದೇ ಸಲಕ್ಕೆ ಅಳಿಸಿಹೋಗುತ್ತದೆ. ನನ್ನ ವಾಲ್ವ್‌ಗಳ ಮೇಲೆ ಬಿಇಎಲ್ ಎಂಬ ಗುರುತಿತ್ತು. 1954ರಲ್ಲಿ ಶುರುವಾದ ಬೆಂಗಳೂರು ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ನಮ್ಮ ದೇಶದ ರೇಡಿಯೊಗಳಿಗೆ ವಾಲ್ವ್ ಮಾಡಿಕೊಟ್ಟ ಕಾರ್ಖಾನೆ. ನಮ್ಮೂರ ಪಕ್ಕದಲ್ಲೇ ತಯಾರಾದ ಆ ಗಾಜಿನ ದೀಪಗಳು ಇಂದಿಗೂ ಉರಿಯುತ್ತಿವೆ ಎಂಬುದು ನನಗೆ ನಿಜವಾಗಿ ಹೆಮ್ಮೆಯ ವಿಷಯ.

ವಾಲ್ವಿನ ತಲೆಯ ಒಳಗಡೆ ಬೆಳ್ಳಿಯಂಥ ಕನ್ನಡಿ ಲೇಪ ಕಾಣುತ್ತದಲ್ಲ, ಅದು ಗೆಟರ್, ಒಳಗೆ ಉಳಿದ ಗಾಳಿ ಹೀರುವ ಲೇಪ. ಬೆಳ್ಳಿ ಅಥವಾ ಕಂದು ಇದ್ದರೆ ಸರಿ. ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಸೇರಿದೆ. ಆ ವಾಲ್ವ್ ಮುಗಿಯಿತು.

ಈಗ ಟ್ರಾನ್ಸ್‌ಫಾರ್ಮರ್ ಅಳೆಯಿರಿ. ಈ ಅಳತೆಯ ಮೇಲೆಯೇ ಮುಂದಿನ ಖರ್ಚು ನಿಂತಿದೆ. ಪ್ಲಗ್ಗಿನ ಎರಡು ಪಿನ್ ನಡುವೆ, ಸ್ವಿಚ್ ಆನ್ ಇಟ್ಟು, ಓಮ್ ನೋಡಿ. ಸಣ್ಣ ಆಂಪ್‌ನಲ್ಲಿ ಹತ್ತಾರು ಓಮ್ ಬರಬೇಕು. ರೆಕ್ಟಿಫೈಯರ್ ವಾಲ್ವ್ ತೆಗೆದು ಅದರ 1 ಮತ್ತು 7ನೇ ಪಿನ್ ನಡುವೆ ಕೆಲವು ನೂರು ಓಮ್. ಈ ಸುತ್ತಿನ ನಡುವಿನ ತುದಿಯಿಂದ ಅಳೆದರೆ ಎರಡು ಅರ್ಧಗಳೂ ಹೆಚ್ಚುಕಡಿಮೆ ಸಮ ಇರಬೇಕು. ಹೀಟರ್ ಸುತ್ತು ಒಂದು ಓಮ್‌ಗಿಂತ ಕಡಿಮೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ (ವಾಲ್ವ್ ಕಡೆಯ ಸುತ್ತು) ಕೆಲವು ನೂರು ಓಮ್, ಸ್ಪೀಕರ್ ಕಡೆ ಒಂದು ಓಮ್ ಸುತ್ತಮುತ್ತ. 8 ಓಮ್ ಸ್ಪೀಕರನ್ನು ಮೀಟರ್‌ನಲ್ಲಿ ಅಳೆದರೆ 6 ಅಥವಾ 7 ತೋರಿಸುತ್ತದೆ, ಅದು ಸಹಜ. ಮೈನ್ಸ್ ಪಿನ್ನಿಂದ ಚಾಸಿಗೆ ಏನೂ ತೋರಿಸಬಾರದು.

ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೆ? ಮಂಡ್ಯ ಜಿಲ್ಲೆಯಲ್ಲಿ ಪಂಪ್‌ಸೆಟ್ ಮೋಟಾರ್ ಸುತ್ತುವ ಅಂಗಡಿಗಳಿಗೆ ಕೊರತೆಯಿಲ್ಲ. ಸುತ್ತು ಎಣಿಸಿ, ಅದೇ ಗೇಜಿನ ತಂತಿ ಹಾಕಿ ಮೈನ್ಸ್ ಟ್ರಾನ್ಸ್‌ಫಾರ್ಮರ್ ಚೆನ್ನಾಗಿಯೇ ಸುತ್ತಿಕೊಡುತ್ತಾರೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೊಟ್ಟರೆ ಮಾತ್ರ ಒಂದು ಮಾತು ಬಿಡಿಸಿ ಹೇಳಿ. ಒಂದೇ ಔಟ್‌ಪುಟ್ ವಾಲ್ವಿನ ಆಂಪ್‌ನಲ್ಲಿ ಆ ಸುತ್ತಿನ ಮೂಲಕ ಡಿಸಿ ಹರಿಯುತ್ತಲೇ ಇರುತ್ತದೆ. ಅದಕ್ಕೇ ಕಬ್ಬಿಣದ ಇ ಆಕಾರದ ತಗಡುಗಳನ್ನೆಲ್ಲ ಒಂದು ಕಡೆ, ಐ ಆಕಾರದವನ್ನೆಲ್ಲ ಇನ್ನೊಂದು ಕಡೆ ಜೋಡಿಸಿ, ನಡುವೆ ತೆಳು ಕಾಗದ ಇಟ್ಟಿರುತ್ತಾರೆ. ಅಭ್ಯಾಸಬಲದಿಂದ ಒಂದನ್ನು ಬಿಟ್ಟು ಒಂದು ಹೆಣೆದು ಕೊಟ್ಟರೆ ಆ ಡಿಸಿಗೇ ಕಬ್ಬಿಣದ ಕಾಂತಶಕ್ತಿ ತುಂಬಿಹೋಗಿ ಗಿಟಾರಿನ ದಪ್ಪ ತಂತಿಗಳ ಸದ್ದು ಸೊರಗುತ್ತದೆ.

ವೈರು, ಫ್ಯೂಸು, ಅರ್ತು

ಎರಡು ಪಿನ್ನಿನ ವೈರನ್ನು ಕತ್ತರಿಸಿ ಎಸೆಯಿರಿ. ಹಳೆಯದನ್ನು ಹಾಗೇ ಉಳಿಸಬೇಕು ಅನ್ನುವ ಆಸೆ ನನಗೂ ಇದೆ. ಇಲ್ಲಿ ಮಾತ್ರ ಬೇಡ. ಮೂರು ಎಳೆಯ ವೈರು ಹಾಕಿ. ಹಸಿರು ಅಥವಾ ಹಸಿರು-ಹಳದಿ ಎಳೆಯನ್ನು ಚಾಸಿಗೆ ಅದಕ್ಕೇ ಮೀಸಲಾದ ಬೋಲ್ಟ್ ಹಾಕಿ, ಬಣ್ಣ ಕೆರೆದು, ಹಲ್ಲಿನ ವಾಷರ್ ಇಟ್ಟು ಬಿಗಿಯಿರಿ. ಈ ಎಳೆ ಉಳಿದೆರಡಕ್ಕಿಂತ ಸ್ವಲ್ಪ ಉದ್ದ ಇರಲಿ. ಯಾರಾದರೂ ಎಳೆದರೆ ಅರ್ತ್ ಕೊನೆಗೆ ಕಿತ್ತುಬರಬೇಕು. ಫೇಸ್ ಮೊದಲು ಫ್ಯೂಸ್‌ಗೆ, ಅಲ್ಲಿಂದ ಸ್ವಿಚ್‌ಗೆ, ಆಮೇಲೆ ಟ್ರಾನ್ಸ್‌ಫಾರ್ಮರ್‌ಗೆ. ಇಷ್ಟು ಸಣ್ಣ ಆಂಪ್‌ಗೆ 500 ಮಿಲಿಆಂಪ್‌ನ ಸ್ಲೋ ಬ್ಲೋ ಫ್ಯೂಸ್ ಸಾಕು.

ಮೈನ್ಸ್‌ನಿಂದ ಚಾಸಿಗೆ ಒಂದು ಕಂಡೆನ್ಸರ್ ಬೆಸೆದಿದ್ದರೆ ಕಿತ್ತುಹಾಕಿ. ಎರಡು ಪಿನ್ನಿನ ಕಾಲದಲ್ಲಿ ಗುಂಯ್ ಸದ್ದು ಕಡಿಮೆ ಮಾಡಲು ಹಾಕುತ್ತಿದ್ದರು. ಅದು ಶಾರ್ಟ್ ಆದ ದಿನ ಚಾಸಿಗೆ ಫೇಸ್ ಬರುತ್ತದೆ. ಗಿಟಾರಿನ ತಂತಿ ಚಾಸಿಗೆ ಸೇರಿರುತ್ತದೆ. ಆ ತಂತಿ ಹಿಡಿದುಕೊಂಡೇ ಮೈಕಿಗೆ ತುಟಿ ತಾಗಿಸಿದರೆ ಏನಾಗುತ್ತದೆ ಯೋಚಿಸಿ. ಪೆಂಡಾಲಿನ ಒದ್ದೆ ನೆಲದಲ್ಲಿ ಮಾವನಿಗೆ ಹೀಗೆ ಒಮ್ಮೆ ಹೊಡೆದಿತ್ತಂತೆ. ಸದ್ದು ಕಡಿಮೆ ಆಗಲಿ ಅಂತ ಅರ್ತ್ ಪಿನ್ ಮುರಿಯುವ ಅಭ್ಯಾಸ ಈಗಲೂ ಕೆಲವು ಗಿಟಾರ್ ವಾದಕರಲ್ಲಿದೆ. ದಯವಿಟ್ಟು ಮಾಡಬೇಡಿ. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಹಿಂದೆ ಅರ್ತ್ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಒಮ್ಮೆ ಪರೀಕ್ಷೆ ಮಾಡಿಸಿ.

ನಿಮ್ಮದು ಅಮೆರಿಕದಿಂದ ಬಂದ ಆಂಪ್ ಆದರೆ ಅದು 117 ವೋಲ್ಟಿನದು. 230ರಿಂದ 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಹಿಂದೆ ವೋಲ್ಟೇಜ್ ಆರಿಸುವ ಬಿರಡೆ ಇರುವ ಆಂಪ್ ಆದರೆ ಅದನ್ನು 240ಕ್ಕೆ ಇಡಿ. ನಮ್ಮ ಬೀದಿಯಲ್ಲಿ ರಾತ್ರಿ ಹತ್ತರ ಮೇಲೆ ಮೀಟರ್ 245 ತೋರಿಸುತ್ತದೆ.

ಸೀರೀಸ್ ಬೋರ್ಡ್

ನಮ್ಮ ಹಳೇ ರೇಡಿಯೊ ಮೆಕ್ಯಾನಿಕ್‌ಗಳ ಅಂಗಡಿಯಲ್ಲಿ ಇದು ಇಲ್ಲದೆ ಕೆಲಸವೇ ಶುರುವಾಗುತ್ತಿರಲಿಲ್ಲ. ಒಂದು ಮರದ ಹಲಗೆ, ಒಂದು ಬಲ್ಬ್ ಹೋಲ್ಡರ್, ಒಂದು ಸಾಕೆಟ್. ಫೇಸ್ ನೇರವಾಗಿ ಸಾಕೆಟ್‌ಗೆ ಹೋಗದೆ ಬಲ್ಬಿನ ಮೂಲಕ ಹೋಗಬೇಕು. ನ್ಯೂಟ್ರಲ್ ಮತ್ತು ಅರ್ತ್ ನೇರ. ಬಲ್ಬ್ 60 ವ್ಯಾಟಿನ ಹಳೆ ತಂತಿ ಬಲ್ಬೇ ಆಗಬೇಕು, ಎಲ್‌ಇಡಿ ನಡೆಯುವುದಿಲ್ಲ. ಆಂಪ್‌ನಲ್ಲಿ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಬೆಳಗುತ್ತದೆ, ಆಂಪ್‌ಗೆ ಏನೂ ಆಗುವುದಿಲ್ಲ. ಎಲ್ಲ ಸರಿ ಇದ್ದರೆ ಒಮ್ಮೆ ಹೊಳೆದು ಮಂಕಾಗುತ್ತದೆ.

ಮೊದಲು ಎಲ್ಲ ವಾಲ್ವ್ ತೆಗೆದು ಆನ್ ಮಾಡಿ. ಬಲ್ಬ್ ಆರಿದಂತೆಯೇ ಇರಬೇಕು. ಬೆಳಗಿದರೆ ಟ್ರಾನ್ಸ್‌ಫಾರ್ಮರ್ ಒಳಗೇ ಶಾರ್ಟ್ ಇದೆ. ಆರಿದ್ದರೆ ಹೀಟರ್ ಪಿನ್ನುಗಳ ನಡುವೆ ಎಸಿ ಅಳೆಯಿರಿ. ಲೋಡ್ ಇಲ್ಲದಿರುವಾಗ 6.3ಕ್ಕಿಂತ ಸ್ವಲ್ಪ ಜಾಸ್ತಿ ಬರುವುದು ಸಹಜ. ಇಷ್ಟಾದರೆ ಪ್ಲಗ್ ಕಿತ್ತು, ಕಂಡೆನ್ಸರ್ ಖಾಲಿ ಮಾಡಿ, ಸೋಲ್ಡರ್ ಐರನ್ ಬಿಸಿ ಮಾಡಿ. ವಾಲ್ವ್ ಹಾಕುವ ಹೊತ್ತು ಇನ್ನೂ ಬಂದಿಲ್ಲ.

ಕಂಡೆನ್ಸರ್: ನಿಜವಾದ ರಿಪೇರಿ ಇಲ್ಲೇ

ಆಂಪ್‌ನಲ್ಲಿ ಎರಡು ಜಾತಿಯ ಕಂಡೆನ್ಸರ್ ಇವೆ. ಎರಡೂ ಮುದಿಯಾಗುತ್ತವೆ, ಆದರೆ ಬೇರೆ ಬೇರೆ ರೀತಿ.

ಮೊದಲನೆಯದು ಫಿಲ್ಟರ್, ಅಂದರೆ ಎಲೆಕ್ಟ್ರೊಲಿಟಿಕ್. ಚಾಸಿ ಮೇಲೆ ನಿಂತ ಅಲ್ಯೂಮಿನಿಯಂ ಡಬ್ಬಿ. ಒಳಗಿನ ದ್ರವ ಒಣಗುತ್ತದೆ, ಆಕ್ಸೈಡ್ ಪದರ ಸವೆಯುತ್ತದೆ. ನಿಧಾನವಾಗಿ ವೋಲ್ಟ್ ಏರಿಸಿ ಹಳೆಯದನ್ನು ಮತ್ತೆ ಕೆಲಸಕ್ಕೆ ಎಬ್ಬಿಸಬಹುದು ಎನ್ನುವವರಿದ್ದಾರೆ. ಐವತ್ತು ವರ್ಷದ ಡಬ್ಬಿಗೆ ನಾನು ಅದನ್ನು ಮಾಡುವುದಿಲ್ಲ. ಅದು ಕೈಕೊಟ್ಟರೆ ಜೊತೆಗೆ ರೆಕ್ಟಿಫೈಯರನ್ನೂ ಟ್ರಾನ್ಸ್‌ಫಾರ್ಮರನ್ನೂ ಕರೆದುಕೊಂಡು ಹೋಗುತ್ತದೆ. ಡಬ್ಬಿಯನ್ನು ನೋಟಕ್ಕೆ ಹಾಗೇ ಬಿಡಿ. ವೈರುಗಳನ್ನು ಪೂರ್ತಿ ಬಿಡಿಸಿ, ಕೆಳಗೆ ಟ್ಯಾಗ್ ಪಟ್ಟಿ ಹಾಕಿ ಹೊಸದನ್ನು ಬೆಸೆಯಿರಿ. ಹಳೆಯದರ ಜೊತೆಗೇ ಹೊಸದನ್ನು ಅಡ್ಡ ಕಟ್ಟಬೇಡಿ.

ನನ್ನದರಲ್ಲಿ 32 ಮೈಕ್ರೊಫ್ಯಾರಡ್‌ನವು ಇದ್ದವು. 33 ಮೈಕ್ರೊಫ್ಯಾರಡ್, 450 ವೋಲ್ಟಿನವನ್ನು ಹಾಕಿದೆ. ಜಾಸ್ತಿ ಹಾಕಿದರೆ ಗುಂಯ್ ಸದ್ದು ಇನ್ನೂ ಕಡಿಮೆ ಆಗುತ್ತಲ್ವಾ ಅಂತ ಅನ್ನಿಸುವುದು ಸಹಜ. ಆದರೆ ಇಝಡ್80 ವಾಲ್ವ್ ತನ್ನ ನಂತರದ ಮೊದಲ ಕಂಡೆನ್ಸರ್ 50 ಮೈಕ್ರೊಫ್ಯಾರಡ್ ಮೀರಿದರೆ ತಾಳಿಕೊಳ್ಳುವುದಿಲ್ಲ. 100 ಹಾಕಿದರೆ ಆನ್ ಮಾಡಿದ ಕ್ಷಣದ ಕರೆಂಟಿಗೆ ವಾಲ್ವಿನೊಳಗೆ ಕಿಡಿ ಹಾರುತ್ತದೆ. ಪ್ಲಸ್, ಮೈನಸ್ ಎರಡು ಸಲ ನೋಡಿ. ತಿರುಗಿಸಿ ಹಾಕಿದರೆ ಒಡೆಯುತ್ತದೆ. ಮೊದಲ ಕಂಡೆನ್ಸರ್‌ಗೆ ಅಡ್ಡಲಾಗಿ 220 ಕಿಲೋಓಮ್, 2 ವ್ಯಾಟ್ ರೆಸಿಸ್ಟರ್ ಒಂದನ್ನು ಶಾಶ್ವತವಾಗಿ ಸೇರಿಸಿದೆ. ಆಫ್ ಮಾಡಿದ ಒಂದು ನಿಮಿಷದಲ್ಲಿ ಅದು ವೋಲ್ಟೇಜನ್ನು ಇಳಿಸಿಬಿಡುತ್ತದೆ. ಮುಂದೆ ಯಾರು ಈ ಆಂಪ್ ತೆಗೆದರೂ ಅವರಿಗೆ ರಕ್ಷೆ. ಹಾಗಂತ ಮೀಟರಿನಲ್ಲಿ ನೋಡದೆ ಕೈ ಹಾಕುವಂತಿಲ್ಲ.

ಎರಡನೆಯದು ಕಪ್ಲಿಂಗ್ ಕಂಡೆನ್ಸರ್. ಇದೇ ನನ್ನನ್ನು ಎರಡು ವಾರ ಕಾಡಿದ್ದು. ಇಸಿಸಿ83ರ ಆನೋಡ್‌ನಲ್ಲಿ 150 ವೋಲ್ಟ್ ಡಿಸಿ ಇದೆ. ಅದರ ಮೇಲೆ ಗಿಟಾರಿನ ಸಿಗ್ನಲ್ ಕೂತಿದೆ. ಸಿಗ್ನಲ್ ಮಾತ್ರ ಇಎಲ್84ರ ಗ್ರಿಡ್‌ಗೆ ಹೋಗಬೇಕು, ಡಿಸಿ ಹೋಗಬಾರದು. ಆ ಕಾವಲುಗಾರನೇ ಈ 0.02 ಮೈಕ್ರೊಫ್ಯಾರಡ್‌ನ ಮೇಣ ಮೆತ್ತಿದ ಕಾಗದದ ಕಂಡೆನ್ಸರ್. ಕಾಗದ ನಮ್ಮ ಮಳೆಗಾಲದ ತೇವ ಹೀರಿದರೆ ಡಿಸಿ ಒಸರಲು ಶುರುವಾಗುತ್ತದೆ. ಮಲ್ಟಿಮೀಟರಿನ ಓಮ್‌ನಲ್ಲಿ ನೋಡಿದೆ, ಏನೂ ತೋರಿಸಲಿಲ್ಲ. ಮೀಟರಿನೊಳಗಿನ ಬ್ಯಾಟರಿಯ ಕೆಲವೇ ವೋಲ್ಟಿಗೆ ಅಷ್ಟು ಸಣ್ಣ ಒಸರು ಕಾಣುವುದಿಲ್ಲ. 150 ವೋಲ್ಟ್ ಬಿದ್ದಾಗ ಮಾತ್ರ ಬಯಲಾಗುತ್ತದೆ.

ಅದನ್ನು ಹಿಡಿಯುವುದು ಹೀಗೆ, ಆದರೆ ಮುಂದಿನ ಭಾಗದಲ್ಲಿ ಹೇಳುವಂತೆ ವಾಲ್ವ್ ಹಾಕಿ ಆನ್ ಮಾಡಿದ ಮೇಲೆ. ಆಂಪ್ ಚಾಲೂ ಇರುವಾಗ ಇಎಲ್84ರ 2ನೇ ಪಿನ್‌ನಲ್ಲಿ ಡಿಸಿ ಅಳೆಯಿರಿ. ಸೊನ್ನೆ ಇರಬೇಕು. ನನ್ನದರಲ್ಲಿ ಪ್ಲಸ್ 3 ವೋಲ್ಟ್ ಇತ್ತು. ತಪ್ಪು ಕಂಡೆನ್ಸರಿನದೋ, ವಾಲ್ವಿನದೋ? ಆಫ್ ಮಾಡಿ, ಇಎಲ್84 ತೆಗೆದು, ಮತ್ತೆ ಆನ್ ಮಾಡಿ ಅಳೆಯಿರಿ. ಇನ್ನೂ ಪ್ಲಸ್ ಇದ್ದರೆ ಕಂಡೆನ್ಸರ್ ಒಸರುತ್ತಿದೆ. ಸೊನ್ನೆಗೆ ಇಳಿದರೆ ವಾಲ್ವ್ ಕೆಟ್ಟಿದೆ. ಈ ಒಂದು ಪರೀಕ್ಷೆಯಿಂದ ನನಗೆ ಒಂದು ವಾಲ್ವಿನ ದುಡ್ಡು ಉಳಿಯಿತು. ಒಸರುವ ಕಂಡೆನ್ಸರಿನ ಬದಲು 0.022 ಮೈಕ್ರೊಫ್ಯಾರಡ್, 630 ವೋಲ್ಟಿನ ಫಿಲ್ಮ್ ಕಂಡೆನ್ಸರ್ ಹಾಕಿದೆ.

ಕಾರ್ಬನ್ ರೆಸಿಸ್ಟರ್‌ಗಳನ್ನೂ ಒಮ್ಮೆ ಅಳೆದುಬಿಡಿ. ಕಾಲ ಕಳೆದಂತೆ ಅವು ಏರುತ್ತವೆ. 100 ಕಿಲೋಓಮ್‌ನದು 140 ಆಗಿತ್ತು. ಶೇ 20ಕ್ಕಿಂತ ಹೆಚ್ಚು ಆಚೀಚೆ ಇದ್ದರೆ ಬದಲಿಸಿ, ಇಲ್ಲದಿದ್ದರೆ ಮುಟ್ಟಬೇಡಿ. ಬೆಸೆಯಲು ರೋಸಿನ್ ಇರುವ ಸೋಲ್ಡರ್ ಸಾಕು. ಆಸಿಡ್ ಇರುವ ಪೇಸ್ಟ್ ಹಚ್ಚಿದರೆ ನಾಲ್ಕು ವರ್ಷದಲ್ಲಿ ಬೆಸುಗೆ ಹಸಿರುಗಟ್ಟುತ್ತದೆ. ಕಂಡೆನ್ಸರ್, ರೆಸಿಸ್ಟರ್ ಹೆಚ್ಚಿನವು ಮೈಸೂರಿನಲ್ಲೇ ಟಿವಿ ರಿಪೇರಿ ಸಾಮಾನಿನ ಅಂಗಡಿಯಲ್ಲಿ ಸಿಕ್ಕವು. 450 ವೋಲ್ಟಿನದಕ್ಕೆ ಮಾತ್ರ ರೈಲು ಹತ್ತಿ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋದೆ.

ವಾಲ್ವ್ ಹಾಕಿ ಆನ್ ಮಾಡುವ ದಿನ

ಸೀರೀಸ್ ಬೋರ್ಡ್‌ನಲ್ಲೇ ಶುರು ಮಾಡಿ. ಸ್ಪೀಕರ್ ಸೇರಿಸಿ, ವಾಲ್ಯೂಮ್ ಸೊನ್ನೆ, ವಾಲ್ವ್ ಎಲ್ಲ ಸಾಕೆಟ್ಟಿನಲ್ಲಿ. ಕೋಣೆಯ ದೀಪ ಆರಿಸಿದರೆ ಒಳ್ಳೆಯದು, ವಾಲ್ವಿನೊಳಗೆ ಏನಾಗುತ್ತಿದೆ ಕಾಣುತ್ತದೆ. ಹೀಟರ್ ಕಿತ್ತಳೆ ಬಣ್ಣಕ್ಕೆ ಬರುತ್ತದೆ. ಗಾಜಿನ ಒಳಮೈಯಲ್ಲಿ ನೀಲಿ ಛಾಯೆ ಕಂಡರೆ ಹೆದರಬೇಡಿ. ಒಳಗಿನ ತಗಡುಗಳ ನಡುವೆ ನೇರಳೆ-ಗುಲಾಬಿ ಬೆಳಕು ತುಂಬಿದರೆ ಗ್ಯಾಸ್ ಇದೆ. ಬೂದು ಬಣ್ಣದ ಆನೋಡ್ ತಗಡು ಕೆಂಪಗೆ ಕಾದರೆ ಒಂದು ಕ್ಷಣವೂ ಕಾಯದೆ ಆಫ್ ಮಾಡಿ.

ಬಲ್ಬ್ ಮಂಕಾಗಿದ್ದು, ಎಲ್ಲಿಯೂ ಹೊಗೆ, ವಾಸನೆ ಇಲ್ಲದಿದ್ದರೆ ಆಫ್ ಮಾಡಿ ನೇರ ಪ್ಲಗ್‌ಗೆ ಬದಲಿಸಿ. ಐದು ನಿಮಿಷ ಬಿಟ್ಟು ಅಳೆಯಿರಿ. ನನ್ನ ಆಂಪ್‌ನ ಟ್ರಾನ್ಸ್‌ಫಾರ್ಮರ್ 250-0-250, ಅಂದರೆ ನಡುವಿನ ತುದಿಯಿಂದ ಎರಡೂ ಕಡೆ 250 ವೋಲ್ಟ್ ಎಸಿ. ಮೊದಲ ಕಂಡೆನ್ಸರ್‌ನಲ್ಲಿ 285 ವೋಲ್ಟ್, ಇಸಿಸಿ83ಕ್ಕೆ ಹೋಗುವ ಕೊನೆಯದರಲ್ಲಿ 225. ಇಸಿಸಿ83ರ ಆನೋಡ್ 150, ಕ್ಯಾಥೋಡ್ 1.1. ಇಲ್ಲಿ ಆನೋಡ್ ರೆಸಿಸ್ಟರ್ 100 ಕಿಲೋಓಮ್, ಕ್ಯಾಥೋಡ್‌ನಲ್ಲಿ ಒಂದೂವರೆ ಕಿಲೋಓಮ್. 225ರಲ್ಲಿ 75 ವೋಲ್ಟ್ ಇಳಿದಿದೆ, ಅಂದರೆ 0.75 ಮಿಲಿಆಂಪ್ ಹರಿಯುತ್ತಿದೆ. ಅದೇ ಕರೆಂಟು ಒಂದೂವರೆ ಕಿಲೋಓಮ್‌ನಲ್ಲಿ 1.1 ವೋಲ್ಟ್ ಕೊಡಬೇಕು. ಲೆಕ್ಕ ಕೂಡಿತು. ಹೀಗೆ ಎರಡು ಕಡೆಯ ಲೆಕ್ಕ ತಾಳೆಯಾದರೆ ಆ ಹಂತ ಆರೋಗ್ಯವಾಗಿದೆ ಎಂದು ನಂಬಬಹುದು. ಹೀಟರ್ 5.7ರಿಂದ 6.9ರ ಒಳಗಿರಲಿ.

ಇಎಲ್84ರ ಲೆಕ್ಕವನ್ನು ಇನ್ನೂ ಎಚ್ಚರದಿಂದ ಮಾಡಬೇಕು. ಅದರ ಆನೋಡ್ 300 ವೋಲ್ಟ್, 12 ವ್ಯಾಟ್ ಮೀರಬಾರದು. ನನ್ನದರಲ್ಲಿ ಕ್ಯಾಥೋಡ್ ರೆಸಿಸ್ಟರ್ 150 ಓಮ್. ಕಪ್ಲಿಂಗ್ ಕಂಡೆನ್ಸರ್ ಒಸರುತ್ತಿದ್ದಾಗ ಅಲ್ಲಿ 9 ವೋಲ್ಟ್ ಇತ್ತು. 9 ಭಾಗಿಸು 150, ಅಂದರೆ 60 ಮಿಲಿಆಂಪ್. ಸ್ಕ್ರೀನ್‌ಗೆ ಸುಮಾರು 5 ಕಳೆದರೆ ಆನೋಡ್‌ಗೆ 55. ಆನೋಡ್ ಮತ್ತು ಕ್ಯಾಥೋಡ್ ನಡುವೆ 262 ವೋಲ್ಟ್. ಗುಣಿಸಿದರೆ 14 ವ್ಯಾಟ್ ದಾಟಿತು. ವಾಲ್ವ್ ಉರಿದುಹೋಗುವ ದಾರಿಯಲ್ಲಿತ್ತು. ಕಂಡೆನ್ಸರ್ ಬದಲಿಸಿದ ಮೇಲೆ ಕ್ಯಾಥೋಡ್ 7.2ಕ್ಕೆ ಇಳಿಯಿತು. ಈಗ ಆನೋಡ್‌ಗೆ 43 ಮಿಲಿಆಂಪ್, ಸುಮಾರು 11 ವ್ಯಾಟ್. ನಿಮ್ಮದು 12ರ ಹತ್ತಿರ ಇದ್ದರೆ ಕ್ಯಾಥೋಡ್ ರೆಸಿಸ್ಟರನ್ನು 180 ಓಮ್‌ಗೆ ಏರಿಸಿ. ರಾತ್ರಿ ಮೈನ್ಸ್ ಏರಿದಾಗಲೂ ವಾಲ್ವ್ ತಂಪಾಗಿರುತ್ತದೆ.

ಗುಂಯ್ ಎನ್ನುವ ಸದ್ದನ್ನು ಕಿವಿಯಿಂದಲೇ ಓದುವುದು

ಗುಂಯ್ ಸದ್ದು ಎರಡು ಬಗೆ. ನಮ್ಮ ಮೈನ್ಸ್ 50 ಹರ್ಟ್ಜ್. ರೆಕ್ಟಿಫೈಯರ್ ಎರಡೂ ಅರ್ಧ ಅಲೆಗಳನ್ನು ಬಳಸುವುದರಿಂದ ಫಿಲ್ಟರ್ ಕೆಟ್ಟಾಗ ಬರುವ ಸದ್ದು 100 ಹರ್ಟ್ಜ್. ಗಿಟಾರಿನ ಆರನೇ ತಂತಿಯ ಮೂರನೇ ಫ್ರೆಟ್ ಮೀಟಿ. ಅದು ಜಿ, 98 ಹರ್ಟ್ಜ್. ಆಂಪಿನ ಸದ್ದು ಅದರ ಜೊತೆ ಸೇರಿಕೊಂಡರೆ ಫಿಲ್ಟರ್ ಕಂಡೆನ್ಸರ್ ನೋಡಿ. ಅದಕ್ಕಿಂತ ಒಂದು ಸ್ಥಾಯಿ ಕೆಳಗೆ, ಇನ್ನೂ ದಪ್ಪಗೆ ಇದ್ದರೆ ಅದು 50. ಹೀಟರ್ ವೈರು, ಅರ್ತ್ ಬೆಸುಗೆ ಅಥವಾ ಇನ್‌ಪುಟ್ ವೈರಿನ ಶೀಲ್ಡ್ ಹುಡುಕಿ. ಮೀಟರ್ ತೆಗೆಯುವ ಮೊದಲೇ ಅರ್ಧ ದಾರಿ ಸವೆದಿರುತ್ತದೆ.

ನನ್ನದರಲ್ಲಿ 50 ಉಳಿದಿತ್ತು. ಹೀಟರ್‌ನ ಎರಡು ವೈರು ದೂರ ದೂರ ಓಡುತ್ತಿದ್ದವು. ಎರಡನ್ನೂ ಒತ್ತೊತ್ತಾಗಿ ಹೊಸೆದು ಚಾಸಿಯ ಮೂಲೆಗೆ ಒತ್ತಿದೆ. ಎರಡು ವೈರಿನ ಕರೆಂಟು ಎದುರುಬದುರು ಹರಿಯುವುದರಿಂದ ಒಂದರ ಸದ್ದನ್ನು ಇನ್ನೊಂದು ಅಳಿಸುತ್ತದೆ. ಆಮೇಲೆ ಇನ್‌ಪುಟ್ ಜ್ಯಾಕಿನ ತುಕ್ಕು ಕೆರೆದು ಅರ್ತ್ ಹೊಸದಾಗಿ ಬೆಸೆದೆ. ಸದ್ದು ಮುಕ್ಕಾಲು ಪಾಲು ಹೋಯಿತು. ಪೂರ್ತಿ ಹೋಗಿಲ್ಲ, ಈ ಕಾಲದ ಆಂಪ್‌ಗೆ ಅಷ್ಟು ಇರುತ್ತದೆ.

ಚಟಪಟ ಸದ್ದಿಗೆ ಕಾರಣ ಹೆಚ್ಚಾಗಿ ಕೊಳೆ. ವಾಲ್ಯೂಮ್ ಗುಂಡಿ ತಿರುಗಿಸಿದಾಗ ಬಂದರೆ ಒಳಗೆ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಇಪ್ಪತ್ತು ಸಲ ತಿರುಗಿಸಿ. ವಾಲ್ವ್ ಅಲುಗಾಡಿಸಿದಾಗ ಬಂದರೆ ಸಾಕೆಟ್ ಪಿನ್ ಸಡಿಲ. ಆಫ್ ಮಾಡಿ, ಸೂಜಿಯಿಂದ ಮೆಲ್ಲಗೆ ಒತ್ತಿ ಬಿಗಿ ಮಾಡಿ. ಎಲ್ಲಿಂದ ಅಂತ ತಿಳಿಯದಿದ್ದರೆ ಒಂದಡಿ ಉದ್ದದ ಒಣ ಬಿದಿರು ಕಡ್ಡಿಯಿಂದ ಒಂದೊಂದೇ ಬೆಸುಗೆಯನ್ನು ತಟ್ಟುತ್ತಾ ಹೋಗಿ. ಇಸಿಸಿ83 ತಟ್ಟಿದಾಗ ಸ್ಪೀಕರ್‌ನಲ್ಲಿ ಗಂಟೆಯಂತೆ ಸದ್ದು ಬಂದರೆ ಆ ವಾಲ್ವ್ ಮೈಕಿನ ಥರ ಆಗಿದೆ. ಇಸಿಸಿ83, ಇಎಲ್84 ಎರಡೂ ರಷ್ಯಾ, ಸ್ಲೊವಾಕಿಯಾ, ಚೀನಾದಲ್ಲಿ ಇಂದಿಗೂ ತಯಾರಾಗುತ್ತಿವೆ.

ಸ್ಪೀಕರ್ ಕಾಗದ ಹರಿದಿದ್ದರೆ ತೆಳ್ಳಗಿನ ಟಿಶ್ಯೂ, ನೀರು ಬೆರೆಸಿದ ಬಿಳಿ ಅಂಟು ಸಾಕು. ತೇಪೆ ಹಗುರಾಗಿರಲಿ.

ಇಷ್ಟಾದ ಮೇಲೆ ಎರಡು ಗಂಟೆ ಬಿಡದೆ ನುಡಿಸಿ. ಟ್ರಾನ್ಸ್‌ಫಾರ್ಮರ್ ಬಿಸಿಯಾಗಬಹುದು, ಆದರೆ ಆಫ್ ಮಾಡಿ ಮುಟ್ಟಿದಾಗ ಕೈ ಇಡಲು ಆಗದಷ್ಟು ಸುಡಬಾರದು. ಅಳೆದ ವೋಲ್ಟೇಜ್‌ಗಳನ್ನೆಲ್ಲ ತಾರೀಖಿನ ಜೊತೆ ಒಂದು ಕಾಗದದಲ್ಲಿ ಬರೆದು ಪೆಟ್ಟಿಗೆಯ ಒಳಗೋಡೆಗೆ ಅಂಟಿಸಿ. ನಾನು ಅಂಟಿಸಲು ಹೋದಾಗ ಅಲ್ಲಿ ಪೆನ್ಸಿಲ್‌ನಲ್ಲಿ ಬರೆದ ಮೂರು ಸಾಲು ಸಿಕ್ಕವು. ಕಟ್ಟಿದವರು ಅಂದು ಅಳೆದ ಅಂಕಿಗಳು. ಇಎಲ್84ರ ಕ್ಯಾಥೋಡ್ ಎದುರಿಗೆ 7 ಎಂದಿತ್ತು. ನನ್ನ 7.2ನ್ನು ಅದರ ಕೆಳಗೇ ಬರೆದೆ. ತಿಂಗಳಾದ ಮೇಲೆ ಮತ್ತೆ ಅಳೆದೆ, 7.1 ಬಂತು.